ಪಿಳ್ಳಕ್ಕನ ಕೊಳದಪ್ಪಲೆ

ಗವಿಪುರಂ, ಬೆಂಗಳೂರು
ಫೆಬ್ರವರಿ 3, 2025, ಸೋಮವಾರ

ಪ್ರೀತಿಯ ಪಿಳ್ಳಕ್ಕನಿಗೆ ನಿನ್ನ ತಮ್ಮ ಅಶ್ವತ್ಥಪ್ಪ ಮಾಡುವ ನಮಸ್ಕಾರಗಳು.

ಮಂಡಿ ನೋವು ಹೇಗಿದೆ? ಚಳಿ ಇಳಿಯುತ್ತಾ ಬಂತು, ಸ್ವಲ್ಪ ಕಡಿಮೆಯಾಗಿರಬೇಕು ಅಂದುಕೊಂಡಿದ್ದೇನೆ. ಸಕ್ಕರೆ ಕಾಯಿಲೆಯ ಮಾತ್ರೆ ದಿನಾ ನುಂಗುತ್ತಿದ್ದೀಯೋ, ಇಲ್ಲ ಹಬ್ಬ ಬಂದಾಗಲೆಲ್ಲ ಮಾತ್ರೆಗೂ ರಜೆ ಕೊಡುತ್ತಿದ್ದೀಯೋ? ನಿನ್ನ ಮಗ ಲಕ್ಷ್ಮಯ್ಯ ಅಷ್ಟು ಆಸೆಯಿಂದ ತಂದುಕೊಟ್ಟ ಕಿವಿಯ ಮಿಷನ್ನು ಬೀರುವಿನಲ್ಲೇ ಮಲಗಿದೆ ಎಂದು ನಿನ್ನ ಸೊಸೆ ಹೇಳಿದಳು. ಹಾಕಿಕೊಳ್ಳದಿದ್ದರೆ ಬಿಡು. ಕಿವಿ ಸರಿಯಾಗಿರುವವರು ಈ ಮನೆಯಲ್ಲಿ ಏನೇನು ಕೇಳಿಸಿಕೊಳ್ಳಬೇಕಾಗಿದೆ ಎಂದು ನೋಡಿದರೆ ನೀನೇ ಪುಣ್ಯವಂತೆ. ನನ್ನ ಆರೋಗ್ಯ ಚೆನ್ನಾಗಿದೆ. ನಮ್ಮ ಮನೆ ಯಜಮಾನಿ ದ್ರೌಪದಿಯ ಆರೋಗ್ಯ ನನ್ನದಕ್ಕಿಂತ ಚೆನ್ನಾಗಿದೆ, ಅದೇ ನನ್ನ ಕಷ್ಟ. ಮಗ ಮುನಿರಾಜು, ಸೊಸೆ ನಂದಿತಾ ಮಹಡಿ ಮೇಲೆ ಸುಖವಾಗಿದ್ದಾರೆ. ಮೊಮ್ಮಗಳು ಲಾವಣ್ಯಾ ಮದುವೆ ಹುಡುಗಿಯಾದ ಮೇಲೂ ದಿನಾ ಬ್ಯಾಂಕಿಗೆ ಹೋಗಿ ಬಂದು, ರಾತ್ರಿ ಊಟಕ್ಕೆ ಕೂತಾಗ 'ಪಿಳ್ಳಜ್ಜಿ ಯಾವಾಗ ಬರ್ತಾರೆ' ಎಂದು ಕೇಳುತ್ತಾಳೆ. ನೀನು ಮುನಿಸಿಕೊಂಡಿರುವುದನ್ನು ನಾನಿನ್ನೂ ಅವಳಿಗೆ ಹೇಳಿಲ್ಲ.

ಫೋನಿನಲ್ಲಿ ಮಾತಾಡಬಹುದಿತ್ತು, ಕಾಗದ ಯಾಕೆ ಎನ್ನುತ್ತೀಯೇನೋ. ನಾನು ಫೋನಿನಲ್ಲಿ ಕೂಗಿದ್ದು ಗವಿಪುರದ ಬೀದಿಗೆಲ್ಲ ಕೇಳಿಸುತ್ತದೆ, ಮಾಲೂರಿನಲ್ಲಿರುವ ನಿನಗೊಬ್ಬಳಿಗೆ ಕೇಳಿಸುವುದಿಲ್ಲ. ಅದರಲ್ಲೂ ನಿನಗೆ ಬೇಡವಾದ ಮಾತಿದ್ದರೆ ಇದ್ದಬದ್ದ ಕಿವಿಯೂ ಹೋಗುತ್ತದೆ, ಅದು ಚಿಕ್ಕಂದಿನಿಂದ ನನಗೆ ಗೊತ್ತಿರುವ ವಿದ್ಯೆ. ನಾನೇ ಹೊರಟು ಬರೋಣವೆಂದರೆ, ನೀನು ಕೈಕಾಲಿಗೆ ನೀರು ಕೊಟ್ಟು, ಮುದ್ದೆ ಬಡಿಸಿ, ಒಂದು ಮಾತೂ ಆಡದೆ ಬಸ್ಸು ಹತ್ತಿಸಿಬಿಡುತ್ತೀಯ. ಕಾಗದವನ್ನು ಹಾಗೆ ವಾಪಸ್ಸು ಕಳಿಸುವುದಕ್ಕೆ ಆಗುವುದಿಲ್ಲ. ಸಿಟ್ಟು ಬಂದರೆ ಮಡಿಸಿಡು, ಆಮೇಲೆ ಮತ್ತೆ ತೆಗೆದು ಓದು. ಆದರೆ ಪೂರ್ತಿ ಓದು.

ವಿಷಯ ನಿನಗೆ ಗೊತ್ತಿರುವುದೇ. ನಾವು ಈ ಮನೆಯ ಗೃಹಪ್ರವೇಶ ಮಾಡಿದಾಗ ನೀನು ಮುಯ್ಯಿ ಮಾಡಿದ ಹಿತ್ತಾಳೆ ಕೊಳದಪ್ಪಲೆ, ನಿನ್ನ ಹೆಸರು ಕೊರೆಸಿದ್ದು, ಸಂಕ್ರಾಂತಿಯ ಮಾರನೇ ದಿನ ನಿನ್ನ ಮನೆ ಬಾಗಿಲಿಗೆ ವಾಪಸ್ಸು ಬಂತು. ಖಾಲಿಯಾಗಿ ಬಂತು, ಬೋರಲಾಗಿ ಬಂತು. ಅವತ್ತು ಸಂಜೆ ನಿನ್ನ ಸೊಸೆ ಫೋನ್ ಮಾಡಿ, ತಾನು ಆಡಲಾರದ ಮಾತನ್ನು ಆಡಬೇಕಾಗಿ ಬಂದವಳ ಹಾಗೆ, ನೀನು ಹೇಳಿದ್ದನ್ನು ಹೇಳಿದಳು: "ಕೊಟ್ಟ ಪಾತ್ರೇನ ಖಾಲಿ ಮಾಡಿ ವಾಪಸ್ ಕಳ್ಸಿರೋ ಮನೇಲಿ ನಂಗೇನ್ ಕೆಲ್ಸ. ಮದುವೆಗೂ ಬರಲ್ಲ, ಅರಿಶಿನಕ್ಕೂ ಬರಲ್ಲ." ಅಕ್ಕಾ, ನಿನ್ನ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಅನ್ನುತ್ತಿದ್ದೆ. ಪಕ್ಕದ ಮನೆಯವರು ಒಂದು ಲೋಟ ಸಾರು ಕೊಟ್ಟರೂ ಆ ಲೋಟವನ್ನು ಖಾಲಿ ವಾಪಸ್ಸು ಕೊಡದೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುವ ವಂಶ ನಮ್ಮದು. ಹುಟ್ಟಿದ ಮನೆಯಿಂದ ನಿನ್ನ ಮುಯ್ಯಿ ಖಾಲಿ ತಿರುಗಿ ಬಂದರೆ ನೀನು ಇನ್ನೇನೆಂದುಕೊಳ್ಳಬೇಕು? ಸಂಬಂಧ ತೀರಿತು ಎಂದೇ ಅಲ್ಲವೇ. ಅದಕ್ಕೇ ನಡೆದದ್ದನ್ನು ಮೊದಲಿಂದ ಬರೆಯುತ್ತೇನೆ. ನಮ್ಮ ದ್ರೌಪದಿ ಎಂಥವಳು ಎಂದು ನನಗೇ ಪೂರ್ತಿ ಗೊತ್ತಾಗಿದ್ದು ಈ ಮೂರು ತಿಂಗಳಲ್ಲಿ.

ದೀಪಾವಳಿ ಕಳೆದ ಮೇಲೆ ಲಾವಣ್ಯಾಳ ಮದುವೆ ನಿಶ್ಚಯವಾಯಿತು. ಮದುವೆ ಛತ್ರದಲ್ಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚಪ್ಪರ ಹಾಕಿ ಅರಿಶಿನ ಕುಟ್ಟುವ ಶಾಸ್ತ್ರ ಮಾತ್ರ ಮನೆಯಲ್ಲೇ ಆಗಬೇಕು ಎಂದು ದ್ರೌಪದಿ ಹಟ ಹಿಡಿದಳು. ಮನೆಯಲ್ಲಿ ಜಾಗವೆಲ್ಲಿದೆ? ನೀನು ನೋಡಿದ್ದೀಯಲ್ಲ ನಮ್ಮ ನಡುಮನೆ. ಒಂದು ಗೋಡೆಗೆ ದಿವಾನ್ ಮಂಚ, ಇನ್ನೊಂದು ಗೋಡೆಗೆ ಷೋಕೇಸು, ಮಂಚದ ಕೆಳಗೆ ಟ್ರಂಕು, ಟ್ರಂಕಿನ ಮೇಲೆ ಮದುವೆಗಳಲ್ಲಿ ತಾಂಬೂಲದ ಜೊತೆ ಕೊಟ್ಟ ಪ್ಲಾಸ್ಟಿಕ್ಕು ಬುಟ್ಟಿಗಳು. ಅಟ್ಟದ ಮೇಲೆ ಏನಿದೆ ಎಂದು ಹತ್ತಿ ನೋಡಿದವರು ಬಹಳ ವರ್ಷಗಳಿಂದ ಯಾರೂ ಇಲ್ಲ. ನಾಲ್ಕು ಜನ ಬಂದರೆ ಇಬ್ಬರು ಬಾಗಿಲಲ್ಲೇ ನಿಲ್ಲಬೇಕಿತ್ತು. ನಂದಿತಾ ಪಾಪ, ಫೋನಿನಲ್ಲಿ ಒಂದು ವೀಡಿಯೊ ನೋಡಿ ಅತ್ತೆಗೆ ಉಪಾಯ ಹೇಳಿಕೊಟ್ಟಳು. ಒಂದೊಂದೇ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡು ಇದರಿಂದ ಮನಸ್ಸಿಗೆ ಸಂತೋಷವಾಗುತ್ತದೆಯೇ ಎಂದು ಕೇಳಿಕೊಳ್ಳಬೇಕಂತೆ, ಸಂತೋಷವಾದರೆ ಇಟ್ಟುಕೊಳ್ಳಬೇಕಂತೆ, ಇಲ್ಲದಿದ್ದರೆ ಬಿಡಬೇಕಂತೆ. ದ್ರೌಪದಿ ಗೋಡೆಗೆ ಒರಗಿಸಿದ್ದ ಮೊರವನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು. ಆಮೇಲೆ, "ಸಂತೋಷ ಆಯ್ತಮ್ಮ. ನಿನ್ನೆ ಗ್ಯಾಸ್ ಸಿಲಿಂಡರ್ ಬಂದಾಗ್ಲೂ ಹಿಂಗೇ ಆಗಿತ್ತು" ಎಂದಳು. ನಂದಿತಾ ನಕ್ಕು ಫೋನನ್ನು ಒಳಗಿಟ್ಟಳು.

ಮಾರನೇ ದಿನ ಬೆಳಗ್ಗೆ ಎದ್ದು ನೋಡುತ್ತೇನೆ, ಅಂಗಳದಲ್ಲಿ ಮೂರು ಗೋಣಿತಾಟು ಹಾಸಿದ್ದಾಳೆ. ನನಗೆ ನೋಡಿದ ಕೂಡಲೇ ಅರ್ಥವಾಯಿತು, ಯಾಕೆಂದರೆ ಮಾರ್ಕೆಟ್ಟಿನಲ್ಲಿ ನಮ್ಮ ಸೊಪ್ಪು ತರಕಾರಿ ಅಂಗಡಿಯ ಮುಂದೆ ಅವಳು ದಿನ ಬೆಳಗಾದರೆ ಹಾಸುತ್ತಿದ್ದದ್ದು ಹಾಗೆಯೇ. ಲಾರಿಯಿಂದ ಮಾಲು ಇಳಿದ ಕೂಡಲೇ ಆರಿಸಲು ಕೂರುತ್ತಿದ್ದಳು. ಒಂದು ತಾಟಿಗೆ ಇವತ್ತು ಅಂಗಡಿಗೆ ಬೇಕಾದ ಮಾಲು. ಇನ್ನೊಂದಕ್ಕೆ, ಚೆನ್ನಾಗಿಯೇ ಇದೆ, ಆದರೆ ನಮ್ಮಲ್ಲಿ ಹೆಚ್ಚಾಗಿದೆ, ಬಿಸಿಲೇರಿದರೆ ಬಾಡುತ್ತದೆ ಎನ್ನುವ ಮಾಲು. ಅದನ್ನು ಬೆಳಗ್ಗೆಯೇ ಹೋಟೆಲಿನವರಿಗೆ, ಮೆಸ್ಸಿನವರಿಗೆ ದಾಟಿಸಿಬಿಡುತ್ತಿದ್ದಳು. ಮೂರನೆಯದು ದನದ ಪಾಲು. ಒಂದು ಕಟ್ಟು ಕೊತ್ತಂಬರಿ ಎತ್ತಿಕೊಂಡರೆ ಅದು ಯಾವ ತಾಟಿಗೆ ಎನ್ನುವುದಕ್ಕೆ ಅವಳು ಎರಡನೇ ಸಲ ನೋಡುತ್ತಿರಲಿಲ್ಲ. ಅಂಗಡಿ ಮಗನ ಕೈಗೆ ಬಂದು, ಅವನು ಅದನ್ನು ಬಿಟ್ಟು ಬೇರೆ ವ್ಯಾಪಾರ ಹಿಡಿದ ಮೇಲೆ ಆ ಕೈಗಳಿಗೆ ಕೆಲಸವಿರಲಿಲ್ಲ. ಈಗ ಮನೆಯನ್ನೇ ಲಾರಿಯಿಂದ ಇಳಿದ ಮಾಲಿನ ಹಾಗೆ ಮುಂದಿಟ್ಟುಕೊಂಡು ಕೂತಳು ನೋಡು, ನನಗೆ ಅವಳ ಮೂವತ್ತನೇ ವಯಸ್ಸು ಕಣ್ಣ ಮುಂದೆ ಬಂತು. ಹೇಳಬಾರದು, ನಾಚಿಕೆ, ಆದರೆ ನಿನ್ನ ಹತ್ತಿರ ಹೇಳದೆ ಇನ್ಯಾರ ಹತ್ತಿರ ಹೇಳಲಿ, ನಾನು ಕಾಫಿ ಕುಡಿಯುವುದನ್ನು ಮರೆತು ನೋಡುತ್ತಾ ನಿಂತಿದ್ದೆ.

ಮೊದಲು ಏಟು ಬಿದ್ದದ್ದು ನನ್ನ ಆಸ್ತಿಗೆ. ನಾನು ಕೂಡಿಟ್ಟ ಪ್ಲಾಸ್ಟಿಕ್ಕು ಕವರುಗಳು, ಕಡ್ಡಿ ಮುರಿದ ಕೊಡೆಗಳು, ಸತ್ತ ಮೊಬೈಲುಗಳು, ಯಾವ ಬೀಗದ್ದೆಂದು ದೇವರಿಗೂ ಗೊತ್ತಿಲ್ಲದ ಬೀಗದ ಕೈಗಳು, ಒಂದೊಂದು ಒಂದೊಂದು ಕಾಲಕ್ಕೆ ನಿಂತುಹೋದ ಗೋಡೆ ಗಡಿಯಾರಗಳು, ಎಲ್ಲ ದನದ ಪಾಲಿನ ತಾಟಿಗೆ. ದನ ಕೂಡ ಮೂಸುವುದಿಲ್ಲ ಎಂದು ಮುನಿರಾಜು ಬೇರೆ ಸೇರಿಸಿದ. ಒಂದು ವಿಷಯಕ್ಕೆ ಮಾತ್ರ ನಾನು ಟೊಂಕ ಕಟ್ಟಿ ನಿಂತೆ. ಅಂಗಡಿಯ ತಕ್ಕಡಿ. ಅವಳು ಅದನ್ನು ಮೂರನೇ ತಾಟಿಗೆ ಹಾಕುವುದು, ನಾನು ಎತ್ತಿ ಮೊದಲನೆಯದಕ್ಕೆ ಹಾಕುವುದು, ಎರಡು ದಿನ ಹೀಗೇ ನಡೆಯಿತು. ಕೊನೆಗೆ ಅವಳು, ಇದನ್ನು ಯಾರಿಗೆ ಕೊಟ್ಟರೆ ಉಪಯೋಗ, ಹೆಸರು ಹೇಳಿ, ಎಂದಳು. ನಾನು ಮಾರ್ಕೆಟ್ಟಿನ ಸಾಲನ್ನೆಲ್ಲ ನೆನೆದುಕೊಂಡೆ. ಈಗ ಎಲ್ಲರೂ ಬಟನ್ ಒತ್ತುವ ತಕ್ಕಡಿಯವರೇ. "ತಗೊಳ್ಳೋರೂ ಇಲ್ಲ, ಬಿಡೋರೂ ಇಲ್ಲ. ಇಟ್ಕೊಳ್ಳಿ" ಎಂದು ಅದಕ್ಕೆ ಒಂದು ಮೊಳೆ ಹೊಡೆಸಿಕೊಟ್ಟಳು. ತಕ್ಕಡಿಯ ವಿಷಯ ಹೇಳಿದಳೋ ನನ್ನ ವಿಷಯ ಹೇಳಿದಳೋ ಇವತ್ತಿನವರೆಗೂ ಕೇಳಿಲ್ಲ.

ಈಗ ಎರಡನೇ ತಾಟಿನ ವಿಷಯ, ಇದನ್ನು ನಿಧಾನವಾಗಿ ಓದು. ನಾವೆಲ್ಲ ಏನು ಮಾಡುತ್ತೇವೆ? ಉಪಯೋಗಿಸದ ಒಳ್ಳೆಯ ಸಾಮಾನನ್ನು ಅಟ್ಟಕ್ಕೆ ಹಾಕುತ್ತೇವೆ, ಹರಿದು ಮುರಿದದ್ದನ್ನು ಬೇರೆಯವರಿಗೆ ಕೊಟ್ಟು ಪುಣ್ಯ ಬಂತು ಅಂದುಕೊಳ್ಳುತ್ತೇವೆ. ಅಂದರೆ ನಾವು ಕೊಡುವುದು ದನದ ಪಾಲನ್ನು. ದ್ರೌಪದಿ ತಿರುಗಿಸಿ ಹಾಕಿದಳು. ಹರಿದದ್ದು, ಮುರಿದದ್ದು ಯಾರಿಗೂ ಇಲ್ಲ, ನೇರ ಗುಜರಿಗೆ. ದಿನಾ ಕೈಗೆ ಬರುವುದು, ಹಳೆಯದಾಗಲಿ, ಕಪ್ಪಾಗಲಿ, ಮನೆಯಲ್ಲೇ ಇರಲಿ. ತಳ ಸವೆದ ಈಳಿಗೆಮಣೆ, ಮಸಿ ಹಿಡಿದ ಬಾಣಲೆ, ಮುದ್ದೆ ಕೋಲು ಅವೆಲ್ಲ ಉಳಿದವು. ಮನೆಯಲ್ಲಿರುವ ಒಳ್ಳೆಯದರಲ್ಲಿ ಒಳ್ಳೆಯದು, ಆದರೆ ನಮಗೆ ಉಪಯೋಗವಿಲ್ಲದ್ದು, ಅದು ಹೊರಗೆ ಹೋಗಬೇಕು. ಅದೂ ಹೀಗೆ ಸುಮ್ಮನೆ ಅಲ್ಲ, ಯಾರಿಗೆ ಎಂದು ಹೆಸರಿಟ್ಟು ಹೋಗಬೇಕು. ತನ್ನ ಧಾರೆ ಸೀರೆಯನ್ನು ಬೀರುವಿನಿಂದ ತೆಗೆದು ನಂದಿತಾಳ ಕೈಗಿಟ್ಟಳು. ನಂದಿತಾ ಹೆದರಿಬಿಟ್ಟಳು, ಅತ್ತೆಗೆ ಏನಾದರೂ ಕಾಯಿಲೆ ಕಾಣಿಸಿಕೊಂಡಿದೆಯೋ, ಡಾಕ್ಟರು ಏನಾದರೂ ಹೇಳಿದ್ದಾರೋ ಎಂದು ನನ್ನನ್ನು ಮಹಡಿಗೆ ಕರೆದು ಅತ್ತಳು. ನಾನು ಕೂಡಲೇ ಕೆಳಗಿಳಿದು ಬಂದೆ. ಕೇಳಿದರೆ ದ್ರೌಪದಿ ಹೇಳಿದ್ದು ಇಷ್ಟು: "ಬಾಡೋಕ್ ಮುಂಚೆ ಕೊಟ್ರೇನೇ ಕೊಟ್ಟಂಗೆ. ನಾನ್ ಸತ್ಮೇಲೆ ಅವ್ಳು ತಗೊಂಡ್ರೆ ಅದು ನಾನ್ ಕೊಟ್ಟಂಗಾ?" ಲಾವಣ್ಯಾಳ ನಿಶ್ಚಿತಾರ್ಥಕ್ಕೆ ನಂದಿತಾ ಅದನ್ನೇ ಉಟ್ಟಿದ್ದಳು. ದ್ರೌಪದಿ ಜನರ ಮಧ್ಯೆ ಕೂತು ಆ ಸೀರೆಯನ್ನು ನೋಡುತ್ತಿದ್ದ ರೀತಿ ನೋಡಿ, ಅದು ಬೀರುವಿನಲ್ಲಿ ಇಷ್ಟು ವರ್ಷ ಯಾಕೆ ಕೊಳೆಯಿತು ಎಂದು ನನಗೇ ಬೇಜಾರಾಯಿತು.

ಪಾತ್ರೆಗಳದ್ದು ದೊಡ್ಡ ಪೇಚಾಟ. ನಮ್ಮ ಜನರ ಅಭ್ಯಾಸ ಗೊತ್ತಲ್ಲ, ಒಂದು ಸ್ಟೀಲ್ ಲೋಟ ಮುಯ್ಯಿ ಮಾಡಿದರೂ ಅದರ ಮೇಲೆ ಹೆಸರು, ಊರು, ಯಾವ ಶುಭಕಾರ್ಯ ಎಲ್ಲ ಕೊರೆಸಬೇಕು. ಮುಯ್ಯಿ ಬಂದ ಪಾತ್ರೆಯನ್ನು ಹೊರಗೆ ಕೊಟ್ಟರೆ, ನಾಳೆ ಕೊಟ್ಟವರು ಇನ್ನೊಬ್ಬರ ಮನೆಯ ಒಲೆಯ ಮೇಲೆ ತಮ್ಮ ಹೆಸರು ನೋಡಿ ಜಗಳಕ್ಕೆ ಬರುತ್ತಾರೆ ಎಂದು ನಾನು ಎಚ್ಚರಿಸಿದೆ. "ಅನ್ನ ಏನ್ ಹೆಸ್ರು ನೋಡ್ಕೊಂಡ್ ಬೇಯುತ್ತಾ" ಎಂದಳು. ಮಾರ್ಕೆಟ್ಟಿನಲ್ಲಿ ಅವಳ ಸಾಲಿನಲ್ಲಿ ಕೂರುತ್ತಿದ್ದ ಹೆಂಗಸರಿಗೆ ಒಬ್ಬೊಬ್ಬರಿಗೆ ಒಂದೊಂದು, ಅವರ ಮನೆಯ ಊಟದ ಲೆಕ್ಕಕ್ಕೆ ಹೊಂದುವಂಥದ್ದು, ಅಕ್ಕಿಯನ್ನೋ ಬೇಳೆಯನ್ನೋ ತುಂಬಿ ಕೊಟ್ಟು ಬಂದಳು. ಬಿನ್ನಿಪೇಟೆಯಲ್ಲಿ ಹೊಸದಾಗಿ ಸಂಸಾರ ಹೂಡಿದ ಒಂದು ಹುಡುಗಿಗೆ ಒಂದು ಅಡುಗೆಮನೆಗಾಗುವಷ್ಟು ಹೋಯಿತು. ಜಗಳಕ್ಕೆ ಯಾರೂ ಬರಲಿಲ್ಲ. ನಾನು ಹೇಳಿದ್ದು ತಪ್ಪಾಯಿತು ಎಂದು ಅವಳು ಎತ್ತಿ ಆಡಲೂ ಇಲ್ಲ.

ಕಡೆಗೆ ಉಳಿದದ್ದು ನಿನ್ನ ಕೊಳದಪ್ಪಲೆ. ಮನೆಯಲ್ಲಿದ್ದದ್ದರಲ್ಲೆಲ್ಲ ದೊಡ್ಡದು, ಗಟ್ಟಿ, ಈಗ ಅಂಥದ್ದನ್ನು ಯಾರೂ ಮಾಡುವುದೂ ಇಲ್ಲ. ಮೊದಲ ತಾಟಿಗೆ ಹಾಕೋಣವೆಂದರೆ ಐದು ಜನರ ಮನೆಯಲ್ಲಿ ಅದರ ಹೊಟ್ಟೆ ತುಂಬುವುದು ಯಾವಾಗ? ಎತ್ತಿ ಇಳಿಸುವ ಶಕ್ತಿ ಅವಳ ಸೊಂಟಕ್ಕೂ ಇಲ್ಲ. ಬೇರೆಯವರಿಗೆ ಕೊಡೋಣವೆಂದರೆ ಉಳಿದ ಎಲ್ಲ ಹೆಸರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದವಳು ಈ ಒಂದು ಹೆಸರಿನ ಮುಂದೆ ಸೋತಳು. "ಅಕ್ಕನ್ ಹೆಸ್ರನ್ನ ಇನ್ನೊಬ್ರು ಒಲೆ ಮೇಲೆ ನಾನ್ ಇಡಲ್ಲ" ಎಂದು ನಾಲ್ಕು ದಿನ ಅದನ್ನು ಅಂಗಳದಲ್ಲೇ ಇಟ್ಟುಕೊಂಡು ಸುತ್ತಿದಳು. ಆಮೇಲೆ ಅವಳಿಗೇ ಹೊಳೆಯಿತು. ಆ ಗಾತ್ರದ ಪಾತ್ರೆ ಇವತ್ತಿಗೂ ಬೇಕಾಗಿರುವುದು ನಿನ್ನ ಮನೆಯಲ್ಲಿ. ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ತೋಟದ ಆಳುಗಳು, ಹಬ್ಬವೆಂದರೆ ಬೀದಿಯೆಲ್ಲ ನಿನ್ನ ಪಂಕ್ತಿಯಲ್ಲೇ ಕೂರುತ್ತದೆ. ನಮ್ಮ ಮನೆಯ ಅತ್ಯುತ್ತಮ ವಸ್ತು ನಿನ್ನ ಹೆಸರಿಗೆ ಬಂತು, ಅಕ್ಕಾ. ಅದು ನಮಗೆ ಬೇಡವಾಗಿ ಹೊರಗೆ ಹೋದದ್ದಲ್ಲ.

ಅದಕ್ಕೆ ಕಲಾಯಿ ಹಾಕಿಸಬೇಕಿತ್ತು. ಈಗ ಕಲಾಯಿ ಹಾಕುವವರನ್ನು ಹುಡುಕುವುದೆಂದರೆ ಹೆಣ್ಣು ಹುಡುಕಿದ ಹಾಗೆ. ಚಾಮರಾಜಪೇಟೆಯೆಲ್ಲ ತಿರುಗಿ ಒಬ್ಬನನ್ನು ಪತ್ತೆ ಮಾಡಿದೆವು. ಅವನು ನವಸಾಗರ ಹಾಕಿ ಹೊಗೆ ಎಬ್ಬಿಸಿ ಹತ್ತಿಯಲ್ಲಿ ತವರ ಬಳಿಯುತ್ತಿದ್ದರೆ ದ್ರೌಪದಿ ಮೂಗಿಗೆ ಸೆರಗು ಹಿಡಿದು ಪಕ್ಕದಲ್ಲೇ ನಿಂತು, ಕಂಠದ ಹತ್ತಿರ ಇನ್ನೊಂದು ಸಲ ಹಚ್ಚು ಎಂದು ಅವನ ಪ್ರಾಣ ತೆಗೆದಳು. ಅಲ್ಲಿಂದ ಆಟೋದಲ್ಲಿ ಗಾಂಧಿಬಜಾರಿನ ಪಾತ್ರೆ ಅಂಗಡಿಗೆ ಹೋದೆವು. ಪಾತ್ರೆ ನನ್ನ ತೊಡೆಯ ಮೇಲೆ, ಅವಳು ಮೂಲೆಯಲ್ಲಿ. ಅಲ್ಲಿಗೆ ಯಾಕೆ ಗೊತ್ತೇ? ಮುಯ್ಯಿಯನ್ನು ಬಂದ ಹಾಗೇ ತಿರುಗಿಸಿ ಕೊಡಬಾರದು ಎನ್ನುವುದು ಅವಳಿಗೂ ಗೊತ್ತು. ನಿನ್ನ ಹೆಸರಿನ ಕೆಳಗೆ ಹೊಸದಾಗಿ ಬರೆಸಿದಳು, 'ಪಿಳ್ಳಕ್ಕನಿಗೆ, ದ್ರೌಪದಿ' ಎಂದು. ಈಗ ಅದು ನಿನ್ನ ಮುಯ್ಯಿಯಲ್ಲ, ಅವಳು ನಿನಗೆ ಮಾಡಿದ ಮುಯ್ಯಿ. ಪಾತ್ರೆಯನ್ನು ನೀನು ಸಿಟ್ಟಿನಲ್ಲಿ ಕೊಟ್ಟಿಗೆಗೆ ಹಾಕಿಸಿದ್ದೀಯಂತೆ. ಕನ್ನಡಕ ಹಾಕಿಕೊಂಡು ಹೋಗಿ, ಬೋರಲಾಗಿರುವುದನ್ನು ಎತ್ತಿ, ಕಂಠದ ಕೆಳಗೆ ನೋಡು. ನಾನು ಕಾಯುತ್ತೇನೆ, ಆಮೇಲೆ ಮುಂದೆ ಓದು.

ನೋಡಿದೆಯಾ? ಇನ್ನು ಅದು ಖಾಲಿ ಬಂದದ್ದು ಹೇಗೆ ಎನ್ನುವುದು. ಸಂಕ್ರಾಂತಿಯ ದಿನ ನಮ್ಮ ಬೀದಿಯಲ್ಲಿ ದೇವಸ್ಥಾನದ ಜನಜಂಗುಳಿಗೆ ಸೈಕಲ್ಲೂ ನುಗ್ಗುವುದಿಲ್ಲ, ಹಾಗಾಗಿ ಮಾರನೇ ದಿನ ಕಳಿಸಿದೆವು. ಹಿಂದಿನ ಸಂಜೆ ದ್ರೌಪದಿ ಸೊಗಡಿರುವ ಅವರೆಕಾಯಿಯನ್ನು ಕಂಠದ ತನಕ ತುಂಬಿ, ಮೇಲೆ ಬೆಲ್ಲದ ಅಚ್ಚು, ಎಳ್ಳು, ಕಬ್ಬಿನ ತುಂಡು ಇಟ್ಟು ಹೊಸ ಟವೆಲ್ಲಿನಲ್ಲಿ ಬಾಯಿ ಕಟ್ಟಿದ್ದಳು. ಮುನಿರಾಜುವಿನ ಸ್ನೇಹಿತ ಚಿದಂಬರ ಟೆಂಪೊದಲ್ಲಿ ಮಾಲೂರಿನ ಮೇಲೆ ಕೋಲಾರಕ್ಕೆ ಹೋಗುವವನಿದ್ದ, ಅವನಿಗೆ ಒಪ್ಪಿಸಿದೆವು. ಹೊಸಕೋಟೆ ದಾಟುವ ಹೊತ್ತಿಗೆ ಪಾತ್ರೆ ಜಾರಿ, ಅವರೆಕಾಯಿ ಚೆಲ್ಲಿ, ಅವನು ಗಾಡಿ ನಿಲ್ಲಿಸಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿದ. ಉರುಳದಿರಲಿ ಎಂದು ಪಾತ್ರೆಯನ್ನು ಬೋರಲು ಹಾಕಿದ. ನಿನ್ನ ಮನೆ ಮುಂದೆ ಪಾತ್ರೆಯನ್ನು ಹಾಗೇ ಇಳಿಸಿದ, ಚೀಲ ಮರೆತ. ಆ ಚೀಲ ಬೇರೆ ಚೀಲಗಳ ಜೊತೆ ಕೋಲಾರದ ಮಂಡಿಯಲ್ಲಿ ಇಳಿದು ಯಾರದೋ ಮನೆಯ ಹುಳಿಯಾಯಿತು. ಇದೆಲ್ಲ ನಮಗೆ ಗೊತ್ತಾದದ್ದು ನಿನ್ನ ಸೊಸೆಯ ಫೋನು ಬಂದು, ನಾವು ಚಿದಂಬರನನ್ನು ಕರೆಸಿ ಕೇಳಿದ ಮೇಲೆ. ದ್ರೌಪದಿ ಅವನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಅವನಿಗೆ ಕಾಫಿ ಕೊಟ್ಟಳು. ಅವನು ಹೋದ ಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಮೂರು ತಿಂಗಳಿಂದ ಮನೆಯನ್ನೆಲ್ಲ ಬರಿದು ಮಾಡುವಾಗ ಒಂದು ಹನಿ ಹಾಕದವಳು ಅವತ್ತು ಅತ್ತದ್ದು ಅವರೆಕಾಯಿಗಲ್ಲ.

ಮನೆ ಈಗ ಹೇಗಿದೆ ಎಂದು ನೀನು ಬಂದು ನೋಡಬೇಕು. ನಡುಮನೆಯ ಕೆಂಪು ನೆಲ ಮೂಲೆಯಿಂದ ಮೂಲೆಗೆ ಕಾಣುತ್ತದೆ. ಜಮಖಾನ ಹಾಸಿದರೆ ನಲವತ್ತು ಜನ ಕೂರಬಹುದು. ಕಿಟಕಿಯ ಮುಂದಿದ್ದ ಷೋಕೇಸು ಹೋಗಿ ಬೆಳಗಿನ ಬಿಸಿಲು ದೇವರ ಗೂಡಿನ ತನಕ ಬರುತ್ತದೆ. ನಾನು ಬಾಯಿಬಿಟ್ಟು ಹೊಗಳಿಲ್ಲ, ಹೊಗಳಿದರೆ ಅಟ್ಟದಲ್ಲಿ ಅಳಿದುಳಿದದ್ದಕ್ಕೂ ಕೈ ಹಾಕುತ್ತಾಳೆ. ಆದರೆ ನಿಜ ಹೇಳುತ್ತೇನೆ ಅಕ್ಕಾ, ಇವಳ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ನನಗೆ ಹೆಮ್ಮೆಯಾಗುತ್ತಿದೆ.

ಇನ್ನೊಂದು ಮಾತು, ಇದನ್ನು ಅವಳು ಹೇಳಿ ನನಗೆ ಈಚೆಗೆ ತಿಳಿಯಿತು. ಹಿತ್ತಿಲಲ್ಲಿದ್ದ ಒರಳುಕಲ್ಲು ಮತ್ತು ಒನಕೆಯನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಮಿಕ್ಸಿ ಬಂದ ಮೇಲೆ ಅದನ್ನು ಮುಟ್ಟಿದವರಿಲ್ಲ, ಯಾರಿಗಾದರೂ ಕೊಟ್ಟುಬಿಡೋಣ ಎಂದು ಮುನಿರಾಜು ಹೇಳಿದ. ದ್ರೌಪದಿ ಒಪ್ಪದೆ ಅದನ್ನು ತೊಳೆಸಿ ಒಳಗೆ ತರಿಸಿದಳು. ಅವತ್ತು ಮಧ್ಯಾಹ್ನ ಊಟವಾದ ಮೇಲೆ, ಮುನಿರಾಜುವಿನ ಮದುವೆಯ ಅರಿಶಿನ ಕುಟ್ಟಿದ ದಿನದ ವಿಷಯ ತೆಗೆದಳು. ಭಾವ ತೀರಿಕೊಂಡು ಆಗ ಇನ್ನೂ ಒಂದು ವರ್ಷವಾಗಿರಲಿಲ್ಲ. ಮುತ್ತೈದೆಯರೆಲ್ಲ ಒರಳಿನ ಸುತ್ತ ನಿಂತು ಹಾಡುತ್ತಿದ್ದರಂತೆ. ನೀನು ಅಡುಗೆಮನೆಯ ಬಾಗಿಲ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ನಿಂತು, ಆ ಹಾಡಿಗೆ ತುಟಿ ಆಡಿಸುತ್ತಿದ್ದೆಯಂತೆ. ಎಲ್ಲರಿಗಿಂತ ಚೆನ್ನಾಗಿ ಆ ಹಾಡು ಬರುತ್ತಿದ್ದದ್ದು ನಿನಗೆ. ಅವಳು ವರನ ತಾಯಿ, ಸುತ್ತ ಹಿರಿಯರು, ಕೈಯಲ್ಲಿ ಒನಕೆ. ನಿನ್ನನ್ನು ನೋಡಿದಳಂತೆ, ಕರೆಯಲಾಗಲಿಲ್ಲವಂತೆ. ಮೊನ್ನೆ ನಮ್ಮ ದಾಯಾದಿ ಹೆಂಗಸರು ಬಂದು, ಈ ಸಲ ಮೊದಲ ಒನಕೆ ಹಿಡಿಯುವವರು ಯಾರು ಎಂದು ವಿಚಾರಿಸಿದಾಗ ದ್ರೌಪದಿ ಎಲೆ ಅಡಿಕೆ ತಟ್ಟೆಯನ್ನು ಮುಂದೆ ತಳ್ಳಿದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ನಾನೂ ಕೇಳಲಿಲ್ಲ.

ಅರಿಶಿನ ಕುಟ್ಟುವುದು ಮುಂದಿನ ವಾರ ಶುಕ್ರವಾರ ಬೆಳಗ್ಗೆ. ಹಿಂದಿನ ದಿನವೇ ಮುನಿರಾಜು ಕಾರು ತೆಗೆದುಕೊಂಡು ಬರುತ್ತಾನೆ. ನೀನು ಹತ್ತದಿದ್ದರೆ ಬಾಗಿಲಲ್ಲೇ ಕೂರುವುದಾಗಿ ಹೇಳಿದ್ದಾನೆ, ಅವನ ಹಟ ಅವರಮ್ಮನದು, ಯೋಚನೆ ಮಾಡು. ಈ ಕಾಗದವನ್ನು ಚಿದಂಬರನ ಕೈಯಲ್ಲಿ ಕಳಿಸುವ ಧೈರ್ಯ ನನಗಿಲ್ಲ, ಬಸವನಗುಡಿ ಪೋಸ್ಟಾಫೀಸಿನಲ್ಲಿ ಸ್ಪೀಡ್ ಪೋಸ್ಟಿಗೆ ನಾನೇ ಹಾಕಿ ಬರುತ್ತೇನೆ. ಲಕ್ಷ್ಮಯ್ಯನಿಗೂ ಸೊಸೆಯರಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ನಿನ್ನ ಕಾಲು ಮುಟ್ಟಿ ನಮಸ್ಕರಿಸುತ್ತೇನೆ.

ನಿನ್ನ ತಮ್ಮ,
ಅಶ್ವತ್ಥಪ್ಪ

ಮರೆತದ್ದು: ಲಕೋಟೆ ಅಂಟಿಸುವಷ್ಟರಲ್ಲಿ ದ್ರೌಪದಿ ಬಂದು ಇದನ್ನೆಲ್ಲ ಓದಿಸಿ ಕೇಳಿದಳು. ಇಷ್ಟುದ್ದ ಪುರಾಣ ಯಾಕೆ, ಹೇಳಬೇಕಾದದ್ದನ್ನೇ ಬರೆದಿಲ್ಲ ಎಂದು ಬೈದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಮೊದ್ಲು ಒನಕೆ ಹಿಡಿಯೋದು ಅಕ್ಕ. ಹಾಡು ಎತ್ಕೊಡೋದೂ ಅಕ್ಕ. ಯಾರೇನಂದ್ರೂ ನಾನ್ ಮಾತಾಡ್ತೀನಿ. ಅಕ್ಕ ಬಂದು ನಿಂತ್ಕೊಳ್ಳೋ ತನ್ಕ ಒರಳಿಗೆ ಒಂದು ಕೊಂಬು ಅರಿಶಿನಾನೂ ಬೀಳಲ್ಲ, ಲಾವಣ್ಯಂಗೂ ಹೇಳಾಗಿದೆ."